ಕುದಿಯುವ ಕೆರೆಯ ಪಾಚಿ

ಅತ್ತೆಯ ಕಾಲು ಉಳುಕಲಿ ಎಂದು ಆಂಬ್ರೋಸ್ ಬೇಡಿಕೊಳ್ಳುತ್ತಿದ್ದ. ಮುರಿಯುವುದು ಬೇಡ, ಮುರಿದರೆ ಹೊತ್ತುಕೊಂಡು ಇಳಿಯಬೇಕಾದವನು ತಾನೇ. ಬರೀ ಉಳುಕಲಿ, ಎಡಗಾಲಾದರೂ ಸರಿ, ಬಲಗಾಲಾದರೂ ಸರಿ, ಮಾತೆ ಮರಿಯಮ್ಮಾ, ಅದರಲ್ಲಿ ನನ್ನದೇನೂ ಹಟವಿಲ್ಲ. ಅವನ ಮುಂದೆ, ಮರದ ದಿಮ್ಮಿ ಹೂತು ಮಾಡಿದ ಮೆಟ್ಟಿಲುಗಳ ಮೇಲೆ, ಅತ್ತೆ ಮಾ ಯುಜೆನಿ ಹತ್ತುತ್ತಿದ್ದಳು. ಕಾಲಿಗೆ ಸತ್ತ ಗಂಡನ ಕರಿ ರಬ್ಬರ್ ಬೂಟು, ಸಡಿಲವಾಗದಿರಲೆಂದು ಅದರೊಳಗೆ ತುರುಕಿದ ಹಳೆಯ ಬಟ್ಟೆ. ತಲೆಯ ಮೇಲೆ ಭಾನುವಾರದ ಪೂಜೆಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ನೇರಳೆ ಹೂವಿನ ಟೋಪಿ. ರಾತ್ರಿಯೆಲ್ಲ ಮಳೆ ಕುಡಿದ ದಿಮ್ಮಿಗಳು ಸೋಪು ಹಚ್ಚಿದಂತೆ ಜಾರುತ್ತಿದ್ದವು. ಆಂಬ್ರೋಸ್ ಎರಡು ಸಲ ಜಾರಿದ. ಹಿಂದೆ ಬರುತ್ತಿದ್ದ ಜರ್ಮನ್ ಪ್ರವಾಸಿ ಡೀಟರ್, ಎರಡೂ ಕೈಗಳಲ್ಲಿ ಊರುಗೋಲು ಹಿಡಿದಿದ್ದರೂ, ಮೂರು ಸಲ ಜಾರಿದ. ಮಾ ಯುಜೆನಿ ಒಮ್ಮೆಯೂ ಜಾರಲಿಲ್ಲ. ಅವಳ ತುಟಿಗಳು ಜಪಸರ ಎಣಿಸುತ್ತಿದ್ದವು, ಬೂಟುಗಳು ಮೆಟ್ಟಿಲು ಎಣಿಸುತ್ತಿದ್ದವು. ಒಂದೇ ಬೆಟ್ಟದಲ್ಲಿ ಇಬ್ಬರು ಪ್ರಾರ್ಥಿಸುತ್ತಿದ್ದರೆ ಮರಿಯಮ್ಮ ಯಾರ ಕಡೆಗೆ ವಾಲುತ್ತಾಳೆಂಬುದು ಆಂಬ್ರೋಸನಿಗೆ ಗೊತ್ತಿರಬೇಕಿತ್ತು. ತಾನು ಬೇಡುತ್ತಿರುವುದು ಉಳುಕನ್ನು; ಅವಳು ಬೇಡುತ್ತಿರುವುದು ಏನೆಂದು ಅವನಿಗೆ ಗೊತ್ತಿತ್ತು.

"ಏನಯ್ಯಾ ಅಳಿಯದೇವ್ರೂ," ಎಂದಳು ಅವಳು, ತಿರುಗದೆ. "ಹಿಂದೆ ಯಾವುದೋ ಕತ್ತೆ ಏದುಸಿರು ಬಿಡ್ತಾ ಇದೆ. ನೀನಾ, ಬಿಳಿ ಸಾಹೇಬ್ರಾ?"

"ನಾನೇ ಮಾ. ಚೀಲ ಭಾರ."

"ಮೊಟ್ಟೆಗಳು ಹುಷಾರು. ನೀನು ಬಿದ್ರೂ ಪರವಾಗಿಲ್ಲ."

ಮೊಟ್ಟೆಗಳು ಇದ್ದವು. ಮೇಲಿನ ಕಣಿವೆಯ ಬಿಸಿ ಬುಗ್ಗೆಯಲ್ಲಿ ಬೇಯಿಸಿ ಪ್ರವಾಸಿಗರಿಗೆ ಕೊಡುವುದು ಮಾರ್ಗದರ್ಶಿಗಳ ವಾಡಿಕೆ. ಆದರೆ ಇವತ್ತು ಮೊಟ್ಟೆಗಳ ಕೆಳಗೆ, ಹಳೆಯ ಅಂಗಿಯೊಂದರಲ್ಲಿ ಸುತ್ತಿ, ಒಂದು ಉಳಿಯೂ ಇತ್ತು. ಅವನ ಯೋಜನೆ ಸರಳವಾಗಿತ್ತು, ಮೂರ್ಖರ ಯೋಜನೆಗಳೆಲ್ಲ ಸರಳವಾಗಿರುವಂತೆ: ಕೊನೆಯ ಇಳಿಜಾರಿನಲ್ಲಿ ಅವಳನ್ನೂ ಜರ್ಮನ್ನನನ್ನೂ ಕೂರಿಸಿ, ದಾರಿ ನೋಡಿ ಬರುತ್ತೇನೆಂದು ಮುಂದೆ ಓಡಿ, ಬಂಡೆಯ ಮೇಲೆ ಒಂದು ಹೆಸರು ಕೆತ್ತಿ, ಅದಕ್ಕೆ ಕೆಸರು ಮೆತ್ತಿ ಹಳೆಯದು ಮಾಡುವುದು. ವಾರವೆಲ್ಲ ಮಳೆ ಬಂದು ದಾರಿ ಮುಚ್ಚದಿದ್ದರೆ ಬುಧವಾರವೇ ಮುಗಿಯುತ್ತಿತ್ತು. ಈಗ ನೋಡಿದರೆ ಅತ್ತೆ ಬೆಟ್ಟದ ಬುಡದಲ್ಲೇ ಮುಂದಾಗಿಬಿಟ್ಟಿದ್ದಳು. ನಲವತ್ತು ವರ್ಷ ಮಾರ್ಗದರ್ಶಿಯ ಹೆಂಡತಿಯಾಗಿದ್ದವಳು ಮಾರ್ಗದರ್ಶಿಯ ಹಿಂದೆ ನಡೆಯುವುದಿಲ್ಲ ಎಂದು ಹೇಳಿಬಿಟ್ಟಿದ್ದಳು.

ತಪ್ಪೆಲ್ಲ ಮಾವನ ಹೆಣ ಕಾಯುವಾಗಲೇ ಆದದ್ದು. ಮಾವ ಫಿಲ್ಬರ್ಟ್ ಸತ್ತಾಗ ಆಂಬ್ರೋಸ್ ಈ ಮನೆಗೆ ಹೊಸ ಅಳಿಯ. ಯಾವ ಕುರ್ಚಿಯಲ್ಲಿ ಕೂರಬೇಕೆಂದು ಇನ್ನೂ ಕೇಳಿ ಕೂರುತ್ತಿದ್ದ. ಅವರ ಊರು ಲೋದಾದಲ್ಲಿ ಹೆಣ ಕಾಯುವಾಗ ನಿಜ ಹೇಳುವವನಿಗೆ ಎರಡನೇ ಲೋಟ ರಮ್ ಸಿಗುವುದಿಲ್ಲ. ಕತೆ ಹೇಳಲು ಎದ್ದವನು "ತಿಮ್ ತಿಮ್!" ಎಂದು ಕೂಗಬೇಕು, ಅಂಗಳದವರೆಲ್ಲ "ಬ್ವಾ ಸೆಶ್!" ಎಂದು ತಿರುಗಿ ಕೂಗಬೇಕು; ಅದಾದ ಮೇಲೆ ಅವನ ಬಾಯಿಂದ ಏನು ಬಂದರೂ ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ, ದೇವರೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ. ಸತ್ತವನಿಗೆ ಒಬ್ಬೊಬ್ಬರೂ ಒಂದೊಂದು ಗರಿ ಸಿಕ್ಕಿಸುತ್ತಾರೆ, ಮಣ್ಣಿಗೆ ಹೋಗುವ ಹೊತ್ತಿಗೆ ಅವನು ನವಿಲಾಗಿರುತ್ತಾನೆ. ಬೆಳಕು ಹರಿದ ಮೇಲೆ ಆ ಗರಿಗಳನ್ನು ಯಾರೂ ಎಣಿಸುವುದಿಲ್ಲ. ಅಂದು ಯಾರೋ ಎದ್ದು, ಫಿಲ್ಬರ್ಟ್ ಕುದಿಯುವ ಕೆರೆಯ ದಂಡೆಯ ಬಂಡೆಯ ಮೇಲೆ ತನ್ನ ಹೆಂಡತಿಯ ಹೆಸರು ಕೆತ್ತಿದ್ದಾನೆ ಎಂದ. ಅಂಗಳ ಹೋ ಎಂದಿತು. ಆಂಬ್ರೋಸ್ ಎದ್ದ. ಯಾಕೆ ಎದ್ದನೋ ಇವತ್ತಿಗೂ ಗೊತ್ತಿಲ್ಲ. ಲೋಟ ಖಾಲಿಯಾಗಿತ್ತು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. "ತಿಮ್ ತಿಮ್! ನಾನೇ ಕಣ್ಣಾರೆ ನೋಡಿದೀನಿ, ಹೋದಾಗೆಲ್ಲ ಪಾಚಿ ತೆಗೆದು ಬರ್ತೀನಿ!" ಅಂಗಳ ಅವನನ್ನು ಎತ್ತಿ ಕುಣಿಸಿತು. ಒಳಗೆ ಹೆಣದ ಪಕ್ಕ ಕೂತ ಮಾ ಯುಜೆನಿ ಅಂದು ಮೊದಲ ಸಲ ತಲೆಯೆತ್ತಿ ಅಳಿಯನನ್ನು ಅಳಿಯನಂತೆ ನೋಡಿದಳು.

ಅವಳು ಮಾತ್ರ ಆ ಗರಿಯನ್ನು ಬೆಳಕಿಗೆ ತಂದುಬಿಟ್ಟಳು. ಒಂಬತ್ತನೇ ದಿನದ ಪ್ರಾರ್ಥನೆ ಮುಗಿದ ಬೆಳಿಗ್ಗೆ, ಕೋಕೋ ಚಹಾ ಕೊಡುತ್ತಾ, "ಅಕ್ಷರ ದೊಡ್ಡದಾಗಿದ್ಯಾ?" ಎಂದು ಕೇಳಿದಳು. ಅವನು ತನ್ನ ಅಂಗೈಯಗಲ ತೋರಿಸಿದ. ಅದಾದ ಮೇಲೆ ವರ್ಷಕ್ಕೊಮ್ಮೆಯಾದರೂ, ಮೀನಿನ ಮುಳ್ಳು ತೆಗೆಯುತ್ತಲೋ ಬಟ್ಟೆ ಹಿಂಡುತ್ತಲೋ, "ಹೆಸರು ಹೆಂಗಿದೆ?" ಎನ್ನುವಳು; ಅವನು "ಚೆನ್ನಾಗಿದೆ ಮಾ, ಹೋದ್ವಾರ ತಿಕ್ಕಿ ಬಂದೆ" ಎನ್ನುವನು; ಊರಲ್ಲಿರುವ ಸಂಬಂಧಿಕರ ಆರೋಗ್ಯ ವಿಚಾರಿಸಿದಂತೆ. ಅಷ್ಟೂ ವರ್ಷ ಅವನು ಕೆರೆಗೆ ಹೋಗುತ್ತಲೇ ಇದ್ದ. ಪ್ರವಾಸಿಗರು ನಿಂತು ನೋಡುವ ಕಟ್ಟೆಯಿಂದ ಸ್ವಲ್ಪ ಕೆಳಗೆ, ಕೆರೆಯ ನೀರು ಹೊರಬೀಳುವ ಬಾಯಿಯ ಪಕ್ಕದಲ್ಲೇ ಆ ಬಂಡೆ. ಇಳಿಯಲು ಕಷ್ಟವೇನಲ್ಲ. ಅವನು ಒಮ್ಮೆಯೂ ಇಳಿಯಲಿಲ್ಲ, ಬಂಡೆಗೆ ಬೆನ್ನು ಹಾಕಿಯೇ ನಿಂತು ಪ್ರವಾಸಿಗರ ಪಟ ತೆಗೆಯುತ್ತಿದ್ದ. ನೋಡದೆ ಇರುವ ತನಕ ಅದು ಸುಳ್ಳಾಗಿರಲಿಲ್ಲ. ಅಲ್ಲಿ ಹೆಸರು ಇದ್ದರೂ ಇರಬಹುದಲ್ಲ. ಇದ್ದರೆ ತನ್ನ ತಪ್ಪು ಬರೀ ಪಾಚಿಯಷ್ಟೇ.

ದಾರಿಯಲ್ಲಿ ಅಡ್ಡ ಬರುವ, ಬ್ರೇಕ್‌ಫಾಸ್ಟ್ ಎಂದೇ ಹೆಸರಿರುವ ನದಿಯ ಕಲ್ಲುಗಳ ಮೇಲೆ ಕೂತು ಉಪ್ಪುಮೀನು, ಕರಿದ ರೊಟ್ಟಿ ತಿಂದರು. ಡೀಟರ್ ಮಾ ಯುಜೆನಿಯ ಟೋಪಿಯ ಪಟ ತೆಗೆದ. "ಅಮ್ಮಾ, ನೀವು ಇಷ್ಟು ಹತ್ತಿರ ಇದ್ದೂ ಈ ಕೆರೆ ಯಾವತ್ತೂ ನೋಡಿಲ್ವಂತೆ?"

"ನಿಮ್ಮೂರಲ್ಲಿ ಜೈಲಿಲ್ವಾ?" ಎಂದಳು ಅವಳು, ಬೆರಳು ನೆಕ್ಕುತ್ತಾ. "ಒಳಗೆ ಹೋಗಿ ನೋಡಿದೀರಾ?"

ಡೀಟರ್ ಬಹಳ ಹೊತ್ತು ನಕ್ಕ. ಆಂಬ್ರೋಸ್ ನಗಲಿಲ್ಲ. ಅವಳು ಬರುತ್ತಿರುವುದು ಕೆರೆ ನೋಡಲಲ್ಲ. ಹೋದ ಭಾನುವಾರ ಪೂಜೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ಪಕ್ಕದ ಟ್ರಫಾಲ್ಗರ್ ಊರಿನ ಲುಸಿಯಾನ್ ಬೀಸಣಿಗೆ ಬೀಸಿಕೊಳ್ಳುತ್ತ ಬಂದಿದ್ದಳು. ಫಿಲ್ಬರ್ಟ್ ಪ್ರತಿ ಶನಿವಾರ ಕೆರೆಗೆಂದು ಹೊರಟು ಭಾನುವಾರ ಬೆಳಿಗ್ಗೆ ನೇರವಾಗಿ ಪೂಜೆಗೆ ಬರುತ್ತಿದ್ದದ್ದು ಯಾವ ದಾರಿಯಿಂದ ಎಂದು ಇಡೀ ಲೋದಾಗೆ ಗೊತ್ತಿತ್ತು. ಇಡೀ ಲೋದಾ ಮೂವತ್ತು ವರ್ಷ ಮೇಲಿನ ಆಕಾಶವನ್ನೇ ನೋಡುತ್ತಿತ್ತು. ಮಾ ಯುಜೆನಿ ಯಾರಿಗೋ ಆ ಹೆಸರಿನ ಕತೆ ಹೇಳುತ್ತಿದ್ದಳು. ಲುಸಿಯಾನ್ ಬೀಸಣಿಗೆ ಮಡಿಚಿ, ಅನುಕಂಪದಿಂದ ತಲೆ ಅಲ್ಲಾಡಿಸಿ, "ಅಯ್ಯೋ ಯುಜೆನಿ, ನಿನ್ನ ಹೆಸರಾ? ಆ ಬಂಡೆ ಮೇಲಿರೋದು ನನ್ನ ಹೆಸರು ಅಂತ ಅವನು ಮರಿಯಮ್ಮನ ಆಣೆ ಹಾಕಿದ್ನಲ್ಲೇ," ಎಂದಳು. ಅಂಗಳದ ಕೋಳಿಗಳೂ ಕೆದಕುವುದನ್ನು ನಿಲ್ಲಿಸಿದವು. ಮಾ ಯುಜೆನಿ ಟೋಪಿ ಸರಿಮಾಡಿಕೊಂಡು, "ಆಂಬ್ರೋಸ್ ನೋಡಿದಾನೆ. ಪಾಚಿ ತೆಗೆಯೋನೇ ಅವನು. ಏನೋ, ಯಾರ ಹೆಸರೋ ಅದು?" ಎಂದಳು. ಆಂಬ್ರೋಸನ ಬಾಯಿ ತುಂಬ ತೆಂಗಿನಕಾಯಿ ಕಡುಬಿತ್ತು. ಅಷ್ಟು ಜನ ಕಣ್ಣಿಟ್ಟು ನೋಡುವಾಗ ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ. ತನ್ನ ತೋರುಬೆರಳನ್ನು ಅತ್ತೆಯ ಕಡೆ ಚಾಚಿದ. ಲುಸಿಯಾನಳ ಮುಖ ಒಮ್ಮೆಗೇ ಹತ್ತು ವರ್ಷ ಮುಪ್ಪಾದದ್ದನ್ನು ಅವನು ನೋಡಿದ. ಆ ಕ್ಷಣದಲ್ಲಿ ಕಡುಬಿನ ಸಿಹಿ ಎಲ್ಲಿ ಹೋಯಿತೋ. ಆದರೆ ಸೋತವಳು ಸುಮ್ಮನಾಗಲಿಲ್ಲ: "ನಿನ್ನ ಅಳಿಯ ನಿನ್ನ ಹೆಸರಲ್ದೆ ಇನ್ನೇನು ಓದ್ತಾನೆ, ನೀನೇ ಹೋಗಿ ನೋಡ್ಕೊಂಡು ಬಾ." ಮನೆಗೆ ಬಂದ ಮೇಲೆ ಹೆಂಡತಿ ಡೆಲ್ಫಿನ್, "ಖಂಡಿತ ಇದೆಯಾ?" ಎಂದಳು. "ಇದೆ," ಎಂದ. "ಹಂಗಾದ್ರೆ ಯಾಕೆ ಬೆವರ್ತಿದೀಯಾ?" ಎಂದಳು.

ನದಿ ದಾಟಿದ ಮೇಲೆ ಗೊಮ್ಮಿಯೇ ಮರಗಳು. ಅವುಗಳ ಗಾಯದಿಂದ ಒಸರಿದ ಬಿಳಿ ಅಂಟಿನ ವಾಸನೆ ಬಂದೊಡನೆ ಅವನಿಗೆ ಚರ್ಚಿನ ಧೂಪ, ಧೂಪದ ಹಿಂದೆಯೇ ಅಜ್ಜಿ ನೆನಪಾದಳು. ಓದು ಬಾರದ ಅಜ್ಜಿ ಕೀರ್ತನೆಗಳನ್ನೆಲ್ಲ ಬಾಯಿಪಾಠ ಹೇಳುತ್ತಿದ್ದಳು. ಮುಸ್ಸಂಜೆ ಹೊಸ್ತಿಲ ಮೇಲೆ ಕೂತು ಅವನು ಕೇಳುತ್ತಿದ್ದ. ಅರ್ಥ ಕಾಲುಭಾಗ, ಉಳಿದದ್ದೆಲ್ಲ ತಾಳ. ಆ ತಾಳ ಅವನ ಕಾಲಿಗಿಳಿದು ಇಷ್ಟು ವರ್ಷ ಬೆಟ್ಟ ಹತ್ತಿಸಿತ್ತು. ಸುಳ್ಳು ನಾಲಿಗೆಯವರಿಗೆ ಏನಾಗುತ್ತದೆಂದು ಅಜ್ಜಿಯ ಕೀರ್ತನೆಗಳಲ್ಲಿ ವಿವರವಾಗಿಯೇ ಇತ್ತು, ಆದರೆ ಹೇಳುವಾಗ ಅಷ್ಟು ಇಂಪಾಗಿರುತ್ತಿದ್ದುದರಿಂದ ಅವನಿಗೆ ಯಾವತ್ತೂ ಹೆದರಿಕೆಯಾಗಿರಲಿಲ್ಲ. ಇವತ್ತು ತಾಳ ತಪ್ಪುತ್ತಿತ್ತು. ಕಾಡಿನೊಳಗೆಲ್ಲೋ ಬೆಟ್ಟದ ಶಿಳ್ಳೆಹಕ್ಕಿ ಒಂದು ಸ್ವರ ಎತ್ತಿ, ಮುಂದಿನದು ಮರೆತುಹೋದಂತೆ ಅಲ್ಲೇ ನಿಲ್ಲಿಸಿತು.

ಮೊರ್ನ್ ನಿಕೋಲ್ಸ್ ಬೆಟ್ಟದ ನೆತ್ತಿಯಲ್ಲಿ ಮಂಜು ಕವಿಯಿತು. ಆಂಬ್ರೋಸನ ಎದೆ ಅರಳಿತು. "ಮಾ, ಇನ್ನು ಮುಂದೆ ಏನೂ ಕಾಣಲ್ಲ. ಇಂಥಾ ಮಂಜಲ್ಲಿ ಯಾರೂ ಹೋಗಲ್ಲ. ವಾಪಸ್ ಹೋಗೋಣ, ಇನ್ನೊಂದಿನ ಬಂದ್ರಾಯ್ತು."

"ನಿನ್ನ ಮಾವ ಮಂಜು ಅಂತ ಒಂದಿನಾನಾದ್ರೂ ವಾಪಸ್ ಬಂದಿದಾರಾ?"

ಇಲ್ಲ, ಬಂದಿರಲಿಲ್ಲ. ಟ್ರಫಾಲ್ಗರಿನಲ್ಲಿ ಮಂಜು ಕವಿಯುವುದಿಲ್ಲ.  ಗಾಳಿ ಅವಳ ಟೋಪಿಯನ್ನು ಎಗರಿಸಲು ನೋಡಿತು, ಅವಳು ಅದನ್ನು ಒಂದು ಕೈಯಲ್ಲಿ ತಲೆಗೆ ಒತ್ತಿಕೊಂಡು ಇನ್ನೊಂದರಲ್ಲಿ ಬೇರುಗಳನ್ನು ಹಿಡಿದು ಕೂತುಕೊಂಡೇ ಇಳಿದಳು. ಎಪ್ಪತ್ತರ ಹೆಂಗಸು ಕೆಸರಿನಲ್ಲಿ ಕುಂಡಿ ಊರಿ, ಜಪಸರವನ್ನು ಹಲ್ಲಿನಲ್ಲಿ ಕಚ್ಚಿ, ಬೆಟ್ಟದಿಂದ ಜಾರುತ್ತಿದ್ದಾಳೆ, ಒಂದು ಹೆಸರಿಗಾಗಿ. ಆಂಬ್ರೋಸನಿಗೆ ನಗು ಬಂತು, ನಗುವಿನ ಹಿಂದೆಯೇ ನಾಚಿಕೆ ಬಂತು. ಗಂಡ ಬದುಕಿದ್ದಾಗ ಅವಳು ಒಂದು ಮಾತೂ ಆಡಿದವಳಲ್ಲ. ಭಾನುವಾರ ಪೂಜೆಯಲ್ಲಿ ಪಕ್ಕಕ್ಕೆ ಬಂದು ಕೂತವನ ಅಂಗಿಯಿಂದ ಹುಲ್ಲುಕಡ್ಡಿ ತೆಗೆದುಹಾಕುತ್ತಿದ್ದಳು, ಅಷ್ಟೆ. ಈ ಹೆಸರು ಇಲ್ಲದಿದ್ದರೆ ಅವಳಿಗೆ ಉಳಿಯುವುದು ಆ ಹುಲ್ಲುಕಡ್ಡಿಗಳು.

ಬಿಸಿ ಬುಗ್ಗೆಗಳಿದ್ದ, ಹಾಳು ಕಣಿವೆ ಎಂದು ಕರೆಯುವ ಜಾಗಕ್ಕೆ ಇಳಿದಾಗ ಮಂಜು ಹೋಗಿ ಹೊಗೆ ಬಂತು. ನೆಲವೆಲ್ಲ ಉಸಿರಾಡುತ್ತಿತ್ತು, ಕರಿ ತೊರೆ, ಬಿಳಿ ತೊರೆ, ಹಳದಿ ಬಾಯಿಗಳಿಂದ ಬುಸುಗುಟ್ಟುವ ಆವಿ, ಕೊಳೆತ ಮೊಟ್ಟೆಯ ನಾತ. ಡೀಟರ್ ಕಣ್ಣಲ್ಲಿ ನೀರು ತುಂಬಿಕೊಂಡು, ನರಕ ಹೀಗೇ ಇರಬಹುದು ಎಂದ. ಮಾ ಯುಜೆನಿ ಸೊಂಟಕ್ಕೆ ಕೈಕೊಟ್ಟು ಸುತ್ತಲೂ ನೋಡಿದಳು.

"ಇಷ್ಟೇನಾ? ಪಾದ್ರಿಗಳು ಹೇಳಿದ್ದು ನೋಡಿದ್ರೆ ಇನ್ನೂ ದೊಡ್ಡದಿರಬೇಕು ಅಂದ್ಕೊಂಡಿದ್ದೆ. ಬಟ್ಟೆ ಒಗೆಯೋಕೆ ಚೆನ್ನಾಗಿದೆ." ಬಂಡೆಯೊಂದರ ಮೇಲೆ ಕುಳಿತು, "ಕೊಡಿಲ್ಲಿ ಮೊಟ್ಟೆ, ನಾನೇ ಬೇಯಿಸ್ತೀನಿ," ಎಂದು ಅವನು ಹೆಗಲಿನಿಂದ ಇಳಿಸುವ ಮೊದಲೇ ಚೀಲಕ್ಕೆ ಕೈ ಹಾಕಿದಳು.

ಅವಳ ಕೈ ಒಳಗೆ ನಿಂತಿತು. ಆಮೇಲೆ ನಿಧಾನವಾಗಿ ಅಂಗಿಯ ಗಂಟು ಹೊರಬಂತು, ಗಂಟಿನಿಂದ ಉಳಿ ಹೊರಬಂತು. ಅದರ ಅಂಚು ಆವಿಯಲ್ಲೂ ಮಿನುಗುತ್ತಿತ್ತು, ನಿನ್ನೆಯಷ್ಟೇ ಮಸೆದದ್ದು. ಆಂಬ್ರೋಸ್ ತೊರೆಯನ್ನು ನೋಡಿದ. ತೊರೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅವಳು ಉಳಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಹರಿತ ಮುಟ್ಟಿ, ಮತ್ತೆ ಅಂಗಿಯಲ್ಲಿ ಸುತ್ತಿ ಚೀಲದೊಳಗಿಟ್ಟಳು.

"ಮೊಟ್ಟೆ ಒಡೆಯೋಕೆ ಉಳಿ ತಂದಿದೀಯಾ," ಎಂದಳು. "ಭಾರಿ ಗಟ್ಟಿ ಕೋಳಿ."

ಅಲ್ಲಿಂದ ಮುಂದೆ ಅವಳ ತುಟಿಗಳು ಅಲ್ಲಾಡಲಿಲ್ಲ. ಜಪಸರ ಕೊರಳಿಗೆ ಹೋಗಿತ್ತು. ಬೈದಿದ್ದರೆ ಆಂಬ್ರೋಸ್ ಬದುಕಿಕೊಳ್ಳುತ್ತಿದ್ದ. ಬೆಂದ ಮೊಟ್ಟೆಯನ್ನು ಸುಲಿದು, ಉಪ್ಪು ಉದುರಿಸಿ ಅವನ ಕೈಗೇ ಕೊಟ್ಟಿದ್ದಳು.  ಇಲ್ಲೇ ನಿಂತು, ಮಾ, ಕ್ಷಮಿಸಿ, ನಾನು ನೋಡಿಯೇ ಇಲ್ಲ, ಎಂದುಬಿಟ್ಟರೆ? ಮಾತು ನಾಲಿಗೆಗೆ ಬಂದಾಗಲೆಲ್ಲ ಡೀಟರ್ ಆ ಗಿಡದ ಹೆಸರೇನು, ಈ ಹುಳುವಿನ ಹೆಸರೇನು ಎಂದು ಕೇಳುತ್ತಿದ್ದ, ಆಂಬ್ರೋಸ್ ಬಾಯಿಗೆ ಬಂದ ಹೆಸರು ಹೇಳುತ್ತಿದ್ದ. ಒಂದೇ ಗಿಡಕ್ಕೆ ಎರಡು ಸಲ ಬೇರೆ ಬೇರೆ ಹೆಸರು ಹೇಳಿದ್ದು ಅವನಿಗೂ ಗೊತ್ತಾಯಿತು. ಡೀಟರ್ ಎರಡನ್ನೂ ಗಂಭೀರವಾಗಿ ಉಚ್ಚರಿಸಿ ನೋಡಿದ.

ಕೆರೆ ಇದ್ದಂತೆಯೇ ಇತ್ತು: ಬೆಟ್ಟದ ಹೊಟ್ಟೆಯಲ್ಲಿ ಒಲೆ ಮೇಲಿಟ್ಟು ಮರೆತ ಬೂದು ಗಂಜಿಯಂತೆ, ನಡುವೆ ಕೊತಕೊತ, ಅಂಚಿನಲ್ಲಿ ಆವಿ. ಮಾ ಯುಜೆನಿ ಅದನ್ನು ಒಂದು ಕ್ಷಣ ನೋಡಿದಳೋ ಇಲ್ಲವೋ. "ಎಲ್ಲಿ?" ಎಂದಳು.

ಅವನು ಕೈ ತೋರಿಸಿದ. ಮೂವರೂ ಇಳಿದರು. ಬಂಡೆ ಎದೆಯೆತ್ತರಕ್ಕಿತ್ತು, ಒಂದು ಮಗ್ಗುಲು ಪೂರ್ತಿ ಹಸಿರು ಪಾಚಿ. ಹೋದಾಗೆಲ್ಲ ತಿಕ್ಕುವ ಬಂಡೆ. ಎಷ್ಟೋ ವರ್ಷ ಯಾರ ಕೈಯೂ ಸೋಕದ ಆ ಪಾಚಿ ಮಲಗಿದ ನಾಯಿಯ ಮೈಯಂತೆ ಮೃದುವಾಗಿ, ದಪ್ಪವಾಗಿ ಬೆಳೆದಿತ್ತು. ಆಂಬ್ರೋಸ್ ಮಂಡಿಯೂರಿದ. ಅವಳ ಮುಖ ನೋಡುವುದಕ್ಕಿಂತ ಅದೇ ಸುಲಭವಿತ್ತು. ಉಗುರುಗಳಿಂದ ಪಾಚಿ ಕೆರೆಯತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಎರಡೂ ಕೈಗಳಲ್ಲಿ, ಹುಚ್ಚನಂತೆ. ಇರಲಿ, ಮರಿಯಮ್ಮಾ, ಇರಲಿ, ನಾನು ಹೇಳಿದ್ದಕ್ಕಲ್ಲ, ಅವಳಿಗಾಗಿ ಇರಲಿ. ಗಂಧಕದ ಆವಿ ತಿಂದು ಹಾಕಿದ ಕಲ್ಲು ಒಳಗೆ ಹಳೆಯ ಚೀಸಿನಂತೆ ಮೆತ್ತಗಾಗಿತ್ತು, ಪಾಚಿಯ ಜತೆ ಪದರ ಪದರವಾಗಿ ಎದ್ದುಬರುತ್ತಿತ್ತು. ಒಂದೆಡೆ ನೇರವಾದ ಒಂದು ಗೀರು ಕಂಡಿತು. ಗೇಣುದ್ದ. ಉಸಿರು ಹಿಡಿದು ಅದರ ಪಕ್ಕ ಕೆರೆದ, ಗೀರಿನ ಅಂಚು ಪುಡಿಯಾಗಿ ಉದುರಿತು, ಇನ್ನೂ ಸ್ವಲ್ಪ ಕೆರೆದ, ಗೀರೂ ಇಲ್ಲ. ಯಾವ ಹೆಸರಿನ ಮೊದಲ ಗೆರೆಯಾದರೂ ಆಗಿರಬಹುದಿತ್ತು. ಬಿರುಕೂ ಆಗಿರಬಹುದಿತ್ತು. ಈಗ ಏನೂ ಅಲ್ಲ.

ಡೀಟರ್ ಫೋನಿನ ದೀಪ ಹಚ್ಚಿ, ಬೆಳಕನ್ನು ಓರೆಯಾಗಿ ಹಿಡಿದು, ಸಹಾಯ ಮಾಡುವವರ ಶ್ರದ್ಧೆಯಿಂದ ಬಂಡೆಯನ್ನು ಮೂಲೆಯಿಂದ ಮೂಲೆಗೆ ನೋಡಿದ. "ಇಲ್ಲ," ಎಂದ. "ಇಲ್ಲಿ ಯಾವ ಅಕ್ಷರಾನೂ ಇಲ್ಲ. ಬಹುಶಃ ಯಾವತ್ತೂ..."

"ಸಾಹೇಬ್ರೇ," ಎಂದಳು ಮಾ ಯುಜೆನಿ, "ನೀವು ಕೆರೆ ನೋಡೋಕೆ ಬಂದಿದ್ದು. ಕೆರೆ ಆ ಕಡೆ ಇದೆ."

ಡೀಟರ್ ಕೆರೆಯ ಕಡೆ ಹೋದ. ಅವಳು ಬಹಳ ಹೊತ್ತು ಬಂಡೆಯ ಮುಂದೆ ನಿಂತಳು. ಆವಿ ಬಂದು ಅವಳನ್ನು ಮುಚ್ಚಿ, ಮತ್ತೆ ಬಿಟ್ಟುಕೊಟ್ಟಿತು. ಟೋಪಿಯ ನೇರಳೆ ಹೂಗಳು ಒದ್ದೆಯಾಗಿ ತಲೆ ಬಗ್ಗಿಸಿದ್ದವು. ಮುಖ ಒದ್ದೆಯಾಗಿತ್ತು, ಅಲ್ಲಿ ಎಲ್ಲರ ಮುಖವೂ ಒದ್ದೆಯಾಗುತ್ತದೆ. ಆಂಬ್ರೋಸ್ ಮಂಡಿಯ ಮೇಲೆಯೇ ಇದ್ದ. ಕೊನೆಗೆ ಅವಳು, ಯಾರಿಗೋ ನಿದ್ದೆ ಕೆಡದಿರಲಿ ಎನ್ನುವಷ್ಟು ಮೆಲ್ಲಗೆ, "ತಿಮ್ ತಿಮ್," ಎಂದಳು.

ಅವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನ. ತಲೆಯೆತ್ತಿದ. ಅವಳು ಕಾಯುತ್ತಿದ್ದಳು.

"ಬ್ವಾ ಸೆಶ್," ಎಂದ.

"ನನ್ನ ಗಂಡ ಈ ಬಂಡೆ ಮೇಲೆ ನನ್ನ ಹೆಸರು ಕೆತ್ತಿದ್ದ. ಅಂಗೈಯಗಲದ ಅಕ್ಷರ. ನನ್ನ ಅಳಿಯ, ಪಾಪ, ಒಳ್ಳೆ ಹುಡುಗ, ಹೋದಾಗೆಲ್ಲ ಪಾಚಿ ತಿಕ್ಕಿದ, ತಿಕ್ಕಿದ, ತಿಕ್ಕೀ ತಿಕ್ಕೀ ಹೆಸರನ್ನೇ ತಿಕ್ಕಿಹಾಕ್ಬಿಟ್ಟ." ಕೈಚಾಚಿದಳು, ಅವನನ್ನು ಎಬ್ಬಿಸಲಿಕ್ಕಲ್ಲ, ತಾನು ಹತ್ತಲಿಕ್ಕೆ. "ಏಳು. ಮೊದಲು ಹೋಗಿ ಆ ಸಾಹೇಬನ ಪಟ ತೆಗಿ."

ಇಳಿಯುವಾಗ ಅವಳು ಮೂರು ಸಲ ಜಾರಿದಳು. ಮೂರು ಸಲವೂ ಆಂಬ್ರೋಸ್ ಹಿಡಿದುಕೊಂಡ. ಊರಿನ ನಲ್ಲಿಯ ಹತ್ತಿರ ಹೆಂಗಸರು ಕಾಯುತ್ತಲೇ ಇದ್ದರು, ಅವರಲ್ಲಿ ಇಬ್ಬರಿಗೆ ಮನೆಯಲ್ಲೇ ನಲ್ಲಿಯಿತ್ತು. ಮಾ ಯುಜೆನಿ ಬೂಟು ಕಳಚಿ, ಕಾಲು ತೊಳೆಯುತ್ತ, ಹಾಡುಹಗಲಲ್ಲಿ, ತಿಮ್ ತಿಮ್ ಎನ್ನದೆ, ಕತೆ ಹೇಳಿದಳು. ಬಂಡೆಯ ಮೇಲೆ ತಿಕ್ಕಿ ತಿಕ್ಕಿ ಗುಳಿಬಿದ್ದ ಜಾಗ ಒಂದೇ ಒಂದು ಇತ್ತು ಎಂದೂ, ಬೇಕಾದವರು ಹೋಗಿ ನೋಡಬಹುದು ಎಂದೂ ಹೇಳಿದಳು. ಆ ಗುಳಿ ನಿಜವಾಗಿಯೂ ಇತ್ತು. "ಅಯ್ಯೋ ಪೆದ್ದಾ!" ಎಂದಳು ಒಬ್ಬಳು. "ಅತ್ತೆ ಹೆಸರು ಕಂಡ್ರೆ ಅಷ್ಟು ಸಿಟ್ಟಾ?" ಎಂದಳು ಇನ್ನೊಬ್ಬಳು. ಮೂರನೆಯವಳು ಅವನಿಗೆ ಬ್ರಷ್ ಎಂದು ಹೆಸರಿಟ್ಟಳು. ಅದು ಸಾಯುವ ತನಕ ಉಳಿಯುವ ಹೆಸರೆಂದು, ಸತ್ತಾಗ ರೇಡಿಯೋದ ಸಾವಿನ ಸುದ್ದಿಯಲ್ಲೂ ಅದನ್ನೇ ಓದುತ್ತಾರೆಂದು ಆಂಬ್ರೋಸನಿಗೆ ಆಗಲೇ ತಿಳಿಯಿತು. ಅವನ ಪಾಲಿಗೆ ಬಂದ ಕೆತ್ತನೆ ಅದೇ. ಯಾವ ಪಾಚಿಯೂ ಅದನ್ನು ಮುಚ್ಚುವುದಿಲ್ಲ.

ಅಂದು ಶನಿವಾರ, ಶನಿವಾರ ಸಂಜೆ ಪಾಪನಿವೇದನೆಗೆ ಪಾದ್ರಿ ಬರುತ್ತಾರೆ. ಆಂಬ್ರೋಸ್ ಕೈತೊಳೆದು, ಬೇರೆ ಅಂಗಿ ಹಾಕಿಕೊಂಡು ಹೋದ. ಎಷ್ಟೋ ವರ್ಷದಿಂದ ಆ ಗೂಡಿನಲ್ಲಿ ಮಂಡಿಯೂರಿ ಸಣ್ಣಪುಟ್ಟ ಪಾಪಗಳನ್ನು ಚಿಲ್ಲರೆಯಂತೆ ಎಣಿಸಿ ಕೊಟ್ಟು, ದೊಡ್ಡದನ್ನು ಜೇಬಿನಲ್ಲೇ ಇಟ್ಟುಕೊಂಡು ಬರುತ್ತಿದ್ದ. ಇವತ್ತು ಹೇಳಿಬಿಡುವುದೆಂದು ಬಾಯಿ ತೆರೆದ. ಹೊರಬಂದದ್ದು ಬೇರೆಯೇ.

"ಫಾದರ್, ಒಂದು ಹೆಸರು ಅಳಿಸಿಬಿಟ್ಟೆ."

 ಜಾಲರಿಯ ಆಚೆ ಸೀನು ತಡೆದುಕೊಂಡಂಥ ಸದ್ದು. "ಓ, ನೀನೇನಾ ಆ ಬ್ರಷ್ಷು?"

"ಹೌದು ಫಾದರ್."

"ಬೇಕಂತ ಅಳಿಸಿದ್ಯಾ?"

ಆಂಬ್ರೋಸ್ ಯೋಚಿಸಿದ. ಕಣ್ಣಮುಂದೆ ಆ ಗೀರು ಉದುರುತ್ತಲೇ ಇತ್ತು. "ಇಲ್ಲ ಫಾದರ್. ಹುಡುಕ್ತಾ ಹುಡುಕ್ತಾ ಅಳಿಸಿಹೋಯ್ತು."

"ಪ್ರಾಯಶ್ಚಿತ್ತಕ್ಕೆ ಚರ್ಚಿನ ಹಿಂದಿರೋ ಗೋರಿಗಳ ಪಾಚಿ ತೆಗಿ ಅಂತಿದ್ದೆ," ಎಂದರು ಪಾದ್ರಿ. "ಬೇಡ, ಬೇಡ. ನೀನು ಕಲ್ಲು ಮುಟ್ಟಬೇಡ. ನಮೋ ಮರಿಯ ಹೇಳ್ಕೊಂಡು ಮನೆಗೆ ಹೋಗು."

ಹೊರಗೆ ಬೆಂಚಿನಲ್ಲಿ ಸರದಿ ಕಾಯುತ್ತ ಲುಸಿಯಾನ್ ಕೂತಿದ್ದಳು. ಟ್ರಫಾಲ್ಗರಿನಲ್ಲೂ ಚರ್ಚಿದೆ, ಅಲ್ಲೂ ಪಾದ್ರಿ ಬರುತ್ತಾರೆ. ಅವಳ ಕೈಯಲ್ಲಿ ಬೀಸಣಿಗೆ ಇರಲಿಲ್ಲ. ಬೀಸಣಿಗೆಯಿಲ್ಲದ ಕೈಗಳು ಎಷ್ಟು ಸಣ್ಣವೆಂದು ಅವನು ಹಿಂದೆ ನೋಡಿರಲಿಲ್ಲ. ಹಾದುಹೋಗುವಾಗ ಅವಳು ಅವನ ತೋಳು ಹಿಡಿದಳು. ಮುಂದಿನ ಸಾಲಿನಲ್ಲಿ ಮಾ ಯುಜೆನಿಯ ನೇರಳೆ ಟೋಪಿ, ಇನ್ನೂ ಪೂರ್ತಿ ಒಣಗದೆ, ಅಲ್ಲಾಡದೆ ಕೂತಿತ್ತು.

"ಆಂಬ್ರೋಸ್," ಎಂದಳು ಲುಸಿಯಾನ್, ಪಿಸುದನಿಯಲ್ಲಿ. "ಯಾರಿಗೂ ಹೇಳಲ್ಲಪ್ಪಾ. ನನಗೊಬ್ಬಳಿಗೇ ಹೇಳು. ಇನ್ನೊಂದು ಹೆಸರೂ ಇತ್ತಾ ಅಲ್ಲಿ?"

ಎಷ್ಟು ತೊಳೆದರೂ ಉಗುರುಗಳ ಸಂದಿಯಲ್ಲಿ ಹಸಿರು ಉಳಿದಿತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪಾಪ ಕಳೆದುಕೊಂಡು ಇನ್ನೂ ಹತ್ತು ಹೆಜ್ಜೆ ನಡೆದಿರಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿದ.

"ತಿಮ್ ತಿಮ್," ಎಂದ.

ಲುಸಿಯಾನ್ ಅವನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಪ್ರಾರ್ಥನೆಗೆ ಉತ್ತರ ಕೊಡುವವಳಂತೆ, "ಬ್ವಾ ಸೆಶ್," ಎಂದಳು.

ಮುಂದಿನ ಸಾಲಿನ ಟೋಪಿ ತಿರುಗಲಿಲ್ಲ.